ದಾರಿ ಕಾಯಲು ಹುಟ್ಟಿದ ಊರು

ಬೆಂಗಳೂರಿನ ಬಸ್ ನಿಲ್ದಾಣದಲ್ಲಿ ಮೈಸೂರು ಕಡೆಯ ಬಸ್ಸು ಹತ್ತಿ 'ಕ್ಲೋಸ್‌ಪೇಟೆಗೆ ಒಂದು ಟಿಕೆಟ್ ಕೊಡಿ' ಎಂದು ಕೇಳಿದರೆ ಕಂಡಕ್ಟರು ನಮ್ಮ ಮುಖ ನೋಡಿಯಾರು. ಆದರೆ ದೂರದ ಯಾವುದೋ ದೇಶದ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಕಲಿಸುವವರ ಮುಂದೆ ಅದೇ ಹೆಸರು ಹೇಳಿದರೆ ಅವರಿಗೆ ಕೂಡಲೇ ಗೊತ್ತಾಗುತ್ತದೆ. 'ಕ್ಲೋಸ್‌ಪೇಟೆ ಗ್ರಾನೈಟ್' ಎಂಬುದು ಅವರ ಪುಸ್ತಕಗಳಲ್ಲಿ ನೆಲೆನಿಂತ ಹೆಸರು. ಊರಿನವರು ಮರೆತ ಹೆಸರನ್ನು ಬಂಡೆ ಉಳಿಸಿಕೊಂಡಿದೆ.

ಆ ಊರೇ ಇಂದಿನ ರಾಮನಗರ. ಬೆಂಗಳೂರಿನಿಂದ ನೈಋತ್ಯಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿ ಅರ್ಕಾವತಿ ನದಿಯ ದಡದಲ್ಲಿದೆ. ರೇಷ್ಮೆಗೂಡಿನ ಮಾರುಕಟ್ಟೆಯಿಂದಾಗಿ ರೈತರಿಗೆ, 'ಶೋಲೆ'ಯಿಂದಾಗಿ ಸಿನಿಮಾ ಪ್ರಿಯರಿಗೆ, ಚುನಾವಣೆಗಳಿಂದಾಗಿ ಪತ್ರಿಕೆ ಓದುವವರಿಗೆಲ್ಲ ಇದು ಪರಿಚಿತ ಊರು. ಆದರೂ ಹೆಚ್ಚಿನವರು ಇದನ್ನು ಬಸ್ಸಿನ ಅಥವಾ ರೈಲಿನ ಕಿಟಕಿಯಿಂದ ಕಂಡವರೇ. ಬೆಂಗಳೂರಿಗೂ ಮೈಸೂರಿಗೂ ನಡುವೆ ಬಂದು ಹೋಗುವ ಒಂದು ನಿಲ್ದಾಣ ಎಂಬುದಷ್ಟೇ ಅವರ ನೆನಪು. ಸ್ವಾರಸ್ಯವೆಂದರೆ ಈ ಊರು ಹುಟ್ಟಿದ್ದೂ ಅದಕ್ಕಾಗಿಯೇ. ದಾರಿಹೋಕರಿಗಾಗಿ, ದಾರಿಯ ರಕ್ಷಣೆಗಾಗಿ ಕಟ್ಟಿದ ಪೇಟೆ ಇದು.

ಬಂಡೆಯ ಪಟ್ಟಿ

ಊರಿನ ಕಥೆಗಿಂತ ಮೊದಲು ಬಂಡೆಯ ಕಥೆ ಹೇಳಬೇಕು. ರಾಮನಗರದ ಸುತ್ತ ಏಳು ಬೆಟ್ಟಗಳಿವೆ ಎಂದು ಎಣಿಸುವುದು ಇಲ್ಲಿನ ರೂಢಿ. ಅವುಗಳಲ್ಲಿ ಹೆಸರಾದದ್ದು ರಾಮದೇವರ ಬೆಟ್ಟ, ಹಳೆಯ ದಾಖಲೆಗಳ ರಾಮಗಿರಿ. ಮಾಗಡಿ ಕಡೆಗೆ ಹೋದರೆ 1,226 ಮೀಟರ್ ಎತ್ತರದ ಸಾವನದುರ್ಗ ಎದುರಾಗುತ್ತದೆ. ಬಹುಮಟ್ಟಿಗೆ ಒಂದೇ ಬಂಡೆಯೆಂಬಂತೆ ನಿಂತಿರುವ ಬೆಟ್ಟ ಅದು. ಇವೆಲ್ಲ ಬಿಡಿಬಿಡಿಯಾಗಿ ಎದ್ದ ಗುಡ್ಡಗಳಂತೆ ಕಂಡರೂ ಒಂದೇ ಶಿಲಾಪಟ್ಟಿಯ ತುಂಡುಗಳು. ಈ ಪಟ್ಟಿ ದಕ್ಷಿಣದಲ್ಲಿ ಕನಕಪುರದ ಕಡೆಯಿಂದ ಉತ್ತರಕ್ಕೆ ಸುಮಾರು 400 ಕಿ.ಮೀ. ಉದ್ದಕ್ಕೆ ಹಬ್ಬಿದೆ. ಅದರ ಅಗಲ ಸಾಮಾನ್ಯವಾಗಿ 20ರಿಂದ 30 ಕಿ.ಮೀ.

ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಹಿಮಾಲಯ ಏಳತೊಡಗಿ ಸುಮಾರು ಐದು ಕೋಟಿ ವರ್ಷಗಳಾದವು ಎಂಬುದನ್ನು ನೆನೆದರೆ ನಮ್ಮ ಈ ಬೆಟ್ಟಗಳ ಹಿರಿತನ ತಿಳಿಯುತ್ತದೆ. ಭೂಮಿಯ ಒಳಗೆ ಬಹಳ ಆಳದಲ್ಲಿ ಕರಗಿದ ಶಿಲಾದ್ರವವು ಅದಕ್ಕಿಂತಲೂ ಹಳೆಯ ಶಿಲೆಗಳ ನಡುವೆ ನುಗ್ಗಿ, ನಿಧಾನವಾಗಿ ತಣಿದು ಗಟ್ಟಿಯಾಯಿತು. ನಿಧಾನವಾಗಿ ತಣಿದದ್ದರಿಂದಲೇ ಇದರ ಹರಳುಗಳು ದಪ್ಪ. ನಸುಗೆಂಪು ಅಥವಾ ಬೂದು ಬಣ್ಣದ ಹರಳುಗಳನ್ನು ಬರಿಗಣ್ಣಿನಲ್ಲೇ ನೋಡಬಹುದು. ಮೇಲಿನ ಪದರಗಳು ಯುಗಯುಗಗಳಲ್ಲಿ ಸವೆದು ಹೋದ ಮೇಲೆ ಒಳಗಿದ್ದ ಗ್ರಾನೈಟ್ ಬಯಲಿಗೆ ಬಂತು. ಬಿಸಿಲು ಮಳೆಗಳಿಗೆ ಸಿಕ್ಕಿ ಈರುಳ್ಳಿಯ ಸಿಪ್ಪೆ ಬಿಡುವಂತೆ ಪದರು ಪದರಾಗಿ ಬಿಚ್ಚಿಕೊಂಡಿತು. ಬಿರುಕುಗಳ ಮೂಲೆಗಳು ಸವೆದು ಉಳಿದವು ಗುಂಡುಕಲ್ಲುಗಳಾದವು. ಯಾರೋ ತಂದು ಪೇರಿಸಿಟ್ಟಂತೆ ಕಾಣುವ ಬಂಡೆಗಳ ಹಿಂದಿನ ಗುಟ್ಟು ಇದು.

ಮೈಸೂರು ಸಂಸ್ಥಾನ 1894ರಲ್ಲಿ ಭೂವಿಜ್ಞಾನ ಇಲಾಖೆಯನ್ನು ಆರಂಭಿಸಿತು. ಆ ಇಲಾಖೆಯ ವಿಜ್ಞಾನಿಗಳು ನಾಡಿನ ಶಿಲೆಗಳನ್ನು ವಿಂಗಡಿಸಿದಾಗ ಈ ಪಟ್ಟಿಗೆ, ಅದು ಚೆನ್ನಾಗಿ ಕಾಣಸಿಗುವ ಊರಿನ ಹೆಸರನ್ನೇ ಇಟ್ಟರು. ಆಗ ಆ ಊರು ಕ್ಲೋಸ್‌ಪೇಟೆ. ಮುಂದೆ ಊರಿನ ಹೆಸರು ಬದಲಾದರೂ ಶಿಲೆಯ ಹೆಸರು ಬದಲಾಗಲಿಲ್ಲ. ಇದೇ ಸೀಮೆಯ ಇನ್ನೊಂದು ಜಾಗ, ಕನಕಪುರ ತಾಲೂಕಿನ ಕಬ್ಬಾಳದುರ್ಗ, ಕೂಡ ವಿಜ್ಞಾನದ ಪುಸ್ತಕ ಸೇರಿದೆ. ಅಲ್ಲಿನ ಒಂದು ಕಲ್ಲುಗಣಿಯಲ್ಲಿ ಒಂದು ಬಗೆಯ ಶಿಲೆ ಇನ್ನೊಂದು ಬಗೆಯಾಗಿ ಮಾರ್ಪಡುತ್ತಿರುವ ಗುರುತುಗಳನ್ನು ಸಿ.ಎಸ್. ಪಿಚ್ಚಮುತ್ತು ಅವರು 1960ರಲ್ಲಿ ಲೋಕದ ಗಮನಕ್ಕೆ ತಂದರು.

ದುರ್ಗಗಳ ನಡುವಿನ ದಾರಿ

ಬಂಡೆಗಳಿರುವಲ್ಲಿ ಕೋಟೆಗಳಿರುವುದು ಸಹಜ. 1638ರಲ್ಲಿ ಬೆಂಗಳೂರು ಬಿಜಾಪುರದ ಸೇನೆಯ ವಶವಾದ ಮೇಲೆ ಕೆಂಪೇಗೌಡರ ಮನೆತನ ಮಾಗಡಿಗೆ ಬಂದು ನೆಲೆಸಿತು. ಸಾವನದುರ್ಗ ಅವರ ಭದ್ರ ನೆಲೆಯಾಗಿತ್ತು. 1728ರಲ್ಲಿ ಅದು ಮೈಸೂರಿನವರ ಕೈಸೇರಿತು. ಇತ್ತ ಚನ್ನಪಟ್ಟಣ ಜಗದೇವರಾಯನ ವಂಶದ ರಾಜಧಾನಿಯಾಗಿದ್ದು, 1630ರಲ್ಲೇ ಮೈಸೂರಿಗೆ ಸೇರಿತ್ತು. ಅಂದರೆ ಮಾಗಡಿ, ಚನ್ನಪಟ್ಟಣಗಳಿಗೆ ರಾಜರ, ಪಾಳೆಯಗಾರರ ಇತಿಹಾಸವಿದೆ. ರಾಮನಗರದ ಜಾಗದಲ್ಲಿ ಇದ್ದದ್ದು ರಾಮಗಿರಿಯ ಕೋಟೆ ಮತ್ತು ಅದರ ನೆರಳಿನಲ್ಲಿ ಹಾದುಹೋಗುತ್ತಿದ್ದ ದಾರಿ. ಟಿಪ್ಪುವಿನ ಕಾಲದಲ್ಲಿ ಇಲ್ಲಿಗೆ ಶಂಷೇರಾಬಾದ್ ಎಂಬ ಹೆಸರಿತ್ತೆಂದು ಹೇಳುವುದುಂಟು.

ಈ ದಾರಿಯ ಮಹತ್ವ ಬ್ರಿಟಿಷರಿಗೆ ಅರ್ಥವಾದದ್ದು ಪೆಟ್ಟು ತಿಂದ ಮೇಲೆ. 1791ರ ಮಾರ್ಚ್‌ನಲ್ಲಿ ಬೆಂಗಳೂರನ್ನು ಹಿಡಿದ ಲಾರ್ಡ್ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟ. ಚನ್ನಪಟ್ಟಣದ ಮೇಲಿನ ನೇರ ದಾರಿಯನ್ನು ದುರ್ಗಗಳು ಕಾಯುತ್ತಿದ್ದವು. ಅದನ್ನು ಬಿಟ್ಟು ಆತ ದಕ್ಷಿಣಕ್ಕೆ ಬಳಸಿ ಕಾನಕಾನಹಳ್ಳಿಯ, ಅಂದರೆ ಇಂದಿನ ಕನಕಪುರದ, ದಾರಿ ಹಿಡಿದ. ಆ ಸೀಮೆಯಲ್ಲಿ ಶತ್ರುವಿಗೆ ಒಂದು ಹಿಡಿ ಹುಲ್ಲೂ ಸಿಗದಂತೆ ಟಿಪ್ಪು ಮೊದಲೇ ಬರಿದು ಮಾಡಿಸಿದ್ದ. ಮಳೆ ಹಿಡಿಯಿತು. ತೋಪುಗಳನ್ನು ಎಳೆಯುವ ಎತ್ತುಗಳು ಸತ್ತವು. ಶ್ರೀರಂಗಪಟ್ಟಣದ ಹತ್ತಿರಕ್ಕೆ ಹೋಗಿದ್ದ ಕಾರ್ನ್‌ವಾಲಿಸ್ ತನ್ನ ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ಹಿಂತಿರುಗಬೇಕಾಯಿತು.

ಪಾಠ ಕಲಿತ ಆತ ಮುಂದಿನ ಬಾರಿ ದುರ್ಗಗಳನ್ನೇ ಮೊದಲು ಹಿಡಿದ. ದಟ್ಟ ಕಾಡು ಮತ್ತು ಜ್ವರದ ಭಯದಿಂದ 'ಸಾವಿನ ದುರ್ಗ'ವೆಂದು ಹೆಸರಾಗಿದ್ದ ಸಾವನದುರ್ಗ 1791ರ ಡಿಸೆಂಬರ್ 21ರಂದು ಬಿತ್ತು. ಅದರ ಬೆನ್ನಿಗೇ ರಾಮಗಿರಿಯೂ ಸುತ್ತಲಿನ ಸಣ್ಣ ಕೋಟೆಗಳೂ ಶರಣಾದವು. ನೇರ ದಾರಿ ತೆರೆಯಿತು. ಎರಡು ತಿಂಗಳೊಳಗೆ ಬ್ರಿಟಿಷರು ಶ್ರೀರಂಗಪಟ್ಟಣದ ಗೋಡೆಯ ಮುಂದೆ ಇದ್ದರು. ಆ ಸೇನೆಯ ಜೊತೆಗಿದ್ದ ಕಲಾವಿದ ರಾಬರ್ಟ್ ಹೋಮ್ ಇಲ್ಲಿನ ದುರ್ಗಗಳ ಚಿತ್ರಗಳನ್ನು ಬರೆದ. 1794ರಲ್ಲಿ ಲಂಡನ್ನಿನಲ್ಲಿ ಅವು ಪುಸ್ತಕವಾಗಿ ಪ್ರಕಟವಾದವು. ಊರು ಹುಟ್ಟುವ ಮೊದಲೇ ಊರಿನ ಬೆಟ್ಟಗಳನ್ನು ಇಂಗ್ಲೆಂಡಿನವರು ಕಾಗದದ ಮೇಲೆ ಕಂಡಿದ್ದರು.

ಪೂರ್ಣಯ್ಯನವರು ಕಟ್ಟಿಸಿದ ಪೇಟೆ

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ. ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೇರಿಸಲಾಯಿತು. ಟಿಪ್ಪುವಿನ ಬಳಿಯಲ್ಲೂ ಮಂತ್ರಿಯಾಗಿದ್ದ ಪೂರ್ಣಯ್ಯ ದಿವಾನರಾದರು. ಅವರ ಮೇಲೆ ಕಣ್ಣಿಡಲು ಕಂಪನಿಯ ರೆಸಿಡೆಂಟ್ ಆಗಿ ಬಂದವನು ಬ್ಯಾರಿ ಕ್ಲೋಸ್. ಐರ್ಲೆಂಡಿನಲ್ಲಿ ಹುಟ್ಟಿ ಮದರಾಸು ಸೇನೆಯಲ್ಲಿ ಬೆಳೆದ ಅಧಿಕಾರಿ ಈತ. ಶ್ರೀರಂಗಪಟ್ಟಣದ ಕೊನೆಯ ಮುತ್ತಿಗೆಯಲ್ಲೂ ಇದ್ದವನು.

ಯುದ್ಧ ಮುಗಿದರೂ ದಾರಿಯ ಭಯ ಮುಗಿದಿರಲಿಲ್ಲ. ಬೆಂಗಳೂರಿನಿಂದ ಶ್ರೀರಂಗಪಟ್ಟಣ, ಮೈಸೂರುಗಳಿಗೆ ಸಾಗುವ ಹೆದ್ದಾರಿಯಲ್ಲಿ ಈ ಬಂಡೆಗಳ ನಡುವಿನ ಕುರುಚಲು ಕಾಡು ಪ್ರಯಾಣಿಕರನ್ನು ಹೆದರಿಸುತ್ತಿತ್ತು. ಕಾವಲಿನ ಠಾಣೆಯೊಂದನ್ನು ಇಟ್ಟರೆ ಪೇದೆಗಳು ಬರುತ್ತಾರೆ, ಹೋಗುತ್ತಾರೆ. ಸಂತೆ, ಅಂಗಡಿ, ಮನೆ, ಮಕ್ಕಳಿರುವ ಪೇಟೆಯೊಂದು ಬೆಳೆದರೆ ದಾರಿಗೆ ಅದೇ ಕಾವಲು. ಪೂರ್ಣಯ್ಯನವರು 1800ರಲ್ಲಿ ಇಲ್ಲಿ ಹೊಸ ಪೇಟೆಯನ್ನು ಸ್ಥಾಪಿಸಿದರು. ಅದಕ್ಕೆ ರೆಸಿಡೆಂಟ್ ಸಾಹೇಬನ ಹೆಸರಿಟ್ಟು ಕ್ಲೋಸ್‌ಪೇಟೆ ಎಂದು ಕರೆದರು.

ಹೀಗೆ ಹೆಸರಿಡುವುದರಲ್ಲಿ ಪೂರ್ಣಯ್ಯನವರ ರಾಜಕೀಯ ಜಾಣ್ಮೆಯಿತ್ತು. ಶ್ರೀರಂಗಪಟ್ಟಣದಲ್ಲಿ 1804ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆಗೆ ಅವರು ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು. ಸೇತುವೆಯ ಪ್ರಯೋಜನ ನಾಡಿನ ಜನರಿಗೆ, ಹೆಸರಿನ ಗೌರವ ದೊರೆಗಳಿಗೆ. ಆಳುವವರನ್ನು ಒಲಿಸಿಕೊಂಡು ನಾಡಿನ ಕೆಲಸ ಮಾಡಿಸುವ ಈ ಉಪಾಯ ಕ್ಲೋಸ್‌ಪೇಟೆಯಲ್ಲೂ ಕಾಣುತ್ತದೆ. ಬ್ಯಾರಿ ಕ್ಲೋಸ್ ಮಾತ್ರ ತನ್ನ ಹೆಸರಿನ ಪೇಟೆ ಬೆಳೆಯುವುದನ್ನು ನೋಡಲು ಇಲ್ಲಿ ಉಳಿಯಲಿಲ್ಲ. 1801ರಲ್ಲಿ ಆತ ಪುಣೆಯ ರೆಸಿಡೆಂಟ್ ಆಗಿ ಹೋದ. ಪೇಶ್ವೆ ಎರಡನೆಯ ಬಾಜಿರಾಯನ ಜೊತೆ 1802ರ ಕೊನೆಯಲ್ಲಿ ಆದ ಬಸ್ಸೀನ್ ಒಪ್ಪಂದದಲ್ಲಿ ಆತನ ಪಾತ್ರ ದೊಡ್ಡದು. 1813ರಲ್ಲಿ ತೀರಿಕೊಂಡ.

ಪೇಟೆ ಹುಟ್ಟಿದ 1800ರಲ್ಲೇ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಕಂಪನಿಯ ಅಪ್ಪಣೆಯಂತೆ ಈ ದಾರಿಯಲ್ಲಿ ಹಾದುಹೋದ. ನೆಲ, ಬೆಳೆ, ಕಸುಬುಗಳನ್ನು ಬರೆದಿಡುವುದು ಆತನ ಕೆಲಸ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ತಯಾರಾಗಿ ದೂರದ ಪ್ರಾಂತಗಳಿಗೆ ಹೋಗುತ್ತಿದ್ದುದನ್ನು ಆತ ದಾಖಲಿಸಿದ. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಬೊಂಬೆಗಳಿಗೆ ಇಂದು ಹೆಸರಾಗಿರುವ ಊರಿನಲ್ಲಿ ಅಂದೂ ಕೈಕಸುಬು ಬಲವಾಗಿತ್ತು. ದಾರಿಯಿದ್ದುದರಿಂದ ಸರಕು ಹೋಗುತ್ತಿತ್ತು, ಸರಕು ಹೋಗುತ್ತಿದ್ದುದರಿಂದ ಕಸುಬು ಉಳಿಯುತ್ತಿತ್ತು.

ರೈಲು, ರೇಷ್ಮೆ, ಸಿನಿಮಾ

1876-78ರ ಭೀಕರ ಕ್ಷಾಮದ ನಂತರ ಬೆಂಗಳೂರು-ಮೈಸೂರು ರೈಲುಮಾರ್ಗ ಬಂತು. 1881-82ರ ಹೊತ್ತಿಗೆ ರೈಲು ಓಡಿತು. ಎತ್ತಿನ ಗಾಡಿಯ ದಾರಿಗಾಗಿ ಹುಟ್ಟಿದ ಊರು ರೈಲು ನಿಲ್ದಾಣವೂ ಆಯಿತು.

ಊರಿಗೆ ತನ್ನದೇ ಜೀವನ ಕೊಟ್ಟದ್ದು ರೇಷ್ಮೆ. ಬಂಗಾಳದಿಂದ ರೇಷ್ಮೆಹುಳು ತರಿಸಿ ಮೈಸೂರು ಸೀಮೆಯಲ್ಲಿ ಸಾಕಣೆಗೆ ಉತ್ತೇಜನ ಕೊಟ್ಟವನು ಟಿಪ್ಪು. ಮುಂದೆ ಈ ಭಾಗದ ಕೆಂಪು ನೆಲದಲ್ಲಿ ರಾಗಿಯ ಪಕ್ಕದಲ್ಲೇ ಹಿಪ್ಪುನೇರಳೆ ಬೆಳೆಯಿತು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಯಿತು. ನೆರೆಯ ಜಿಲ್ಲೆಗಳಿಂದಷ್ಟೇ ಅಲ್ಲ, ನೆರೆಯ ರಾಜ್ಯಗಳಿಂದಲೂ ರೈತರು ಗೂಡು ತರುತ್ತಾರೆ. ಗೂಡು ಕಾಯಿಸಿಕೊಳ್ಳುವ ಸರಕಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದು ಹೊರಬಂದರೆ ಎಳೆ ತುಂಡಾಗಿ ಬೆಲೆ ಬೀಳುತ್ತದೆ. ಆದ್ದರಿಂದ ಗೂಡು ಬಿಡಿಸಿದ ಕೂಡಲೇ ಮಾರುಕಟ್ಟೆ ಮುಟ್ಟಬೇಕು, ಹರಾಜು ಅಂದೇ ಮುಗಿಯಬೇಕು. ಕೊಂಡ ಗೂಡನ್ನು ಬಿಸಿನೀರಿಗೆ ಹಾಕಿ ನೂಲು ತೆಗೆಯುವ ರೀಲರುಗಳ ಕುಟುಂಬಗಳು ಊರಿನಲ್ಲೇ ಇವೆ. ಅವರಲ್ಲಿ ಮುಸ್ಲಿಮರು ಬಹಳ. ಹಳ್ಳಿಯ ಒಕ್ಕಲಿಗನ ಗೂಡು, ಪೇಟೆಯ ಸಾಬರ ನೂಲು ಒಂದನ್ನೊಂದು ಬಿಟ್ಟು ಬದುಕುವಂತಿಲ್ಲ.

ಸ್ವಾತಂತ್ರ್ಯಾನಂತರ ಕ್ಲೋಸ್‌ಪೇಟೆ ಎಂಬ ಹೆಸರು ಹೋಯಿತು. ಇಂಗ್ಲಿಷರ ಕಾಲದ ಹೆಸರುಗಳನ್ನು ಬಿಡುವುದು ಆಗಿನ ಒಲವು. ಫ್ರೆಂಚ್ ರಾಕ್ಸ್ ಪಾಂಡವಪುರವಾದಂತೆ, ಕೊಡಗಿನ ಫ್ರೇಸರ್‌ಪೇಟೆ ಕುಶಾಲನಗರವಾದಂತೆ ಕ್ಲೋಸ್‌ಪೇಟೆ ರಾಮಗಿರಿಯ ರಾಮನ ಹೆಸರು ಹೊತ್ತು ರಾಮನಗರವಾಯಿತು. ಇದಕ್ಕೆ ಕಾರಣರೆಂದು ಊರಿನವರು ನೆನೆಯುವುದು ಕೆಂಗಲ್ ಹನುಮಂತಯ್ಯನವರನ್ನು. 1908ರಲ್ಲಿ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿ, 1952ರಿಂದ 1956ರವರೆಗೆ ಮೈಸೂರಿನ ಮುಖ್ಯಮಂತ್ರಿಯಾಗಿ, ವಿಧಾನಸೌಧ ಕಟ್ಟಿಸಿದವರು ಅವರು.

ಆಮೇಲೆ ಊರಿಗೆ ಇನ್ನೊಂದು ಹೆಸರು ಕೆಲಕಾಲ ಅಂಟಿತು. 1973ರ ಅಕ್ಟೋಬರ್‌ನಲ್ಲಿ ರಮೇಶ್ ಸಿಪ್ಪಿ ರಾಮದೇವರ ಬೆಟ್ಟದ ಬುಡದಲ್ಲಿ 'ಶೋಲೆ' ಚಿತ್ರದ ಚಿತ್ರೀಕರಣ ಆರಂಭಿಸಿದರು. ಕಥೆಯ ಹಳ್ಳಿ ರಾಮಗಢಕ್ಕಾಗಿ ಇಡೀ ಊರಿನ ಸೆಟ್ ಎದ್ದಿತು. 1975ರ ಆಗಸ್ಟ್ 15ರಂದು ಚಿತ್ರ ಬಿಡುಗಡೆಯಾದ ಮೇಲೆ ದೇಶದ ಜನರೆಲ್ಲ ಈ ಬಂಡೆಗಳನ್ನು ಉತ್ತರದ ಡಕಾಯಿತರ ಸೀಮೆಯೆಂದು ನಂಬಿದರು. ದಾರಿಗಳ್ಳರ ಭಯ ಹೋಗಲಾಡಿಸಲು ಕಟ್ಟಿದ ಊರು ಕೊನೆಗೆ ಗಬ್ಬರ್ ಸಿಂಗನ ಊರೆಂದು ಪ್ರಸಿದ್ಧವಾದದ್ದು ವಿಚಿತ್ರವೇ ಸರಿ. 1984ರಲ್ಲಿ ತೆರೆಕಂಡ ಡೇವಿಡ್ ಲೀನ್ ಅವರ 'ಎ ಪ್ಯಾಸೇಜ್ ಟು ಇಂಡಿಯಾ'ದಲ್ಲಿ ಸಾವನದುರ್ಗವೂ ಬೇರೊಂದು ನಾಡಿನ ಬೆಟ್ಟವಾಗಿ ಕಾಣಿಸಿಕೊಂಡಿತು.

ಚಿತ್ರ ತಂಡಗಳು ಹೋದವು, ಬೆಟ್ಟದ ನಿಜವಾದ ಒಕ್ಕಲಾದ ರಣಹದ್ದುಗಳು ಉಳಿದವು. ಉದ್ದ ಕೊಕ್ಕಿನ ಈ ಹದ್ದುಗಳಿಗೆ ಕಡಿದಾದ ಬಂಡೆಯ ಸಂದುಗಳೇ ಗೂಡು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಸತ್ತ ದನದ ಮಾಂಸದ ಮೂಲಕ ಹದ್ದುಗಳ ಹೊಟ್ಟೆ ಸೇರಿ ದೇಶದಾದ್ಯಂತ ಅವುಗಳನ್ನು ಕೊಂದಿತು. 2006ರಲ್ಲಿ ಆ ಔಷಧವನ್ನು ಪಶುಗಳಿಗೆ ಬಳಸುವುದನ್ನು ಸರ್ಕಾರ ನಿಷೇಧಿಸಿತು. 2012ರಲ್ಲಿ ರಾಮದೇವರ ಬೆಟ್ಟ ರಣಹದ್ದು ಧಾಮವಾಯಿತು. ಈಗ ಅಲ್ಲಿ ಉಳಿದಿರುವವು ಕೆಲವೇ.

ಮೇಲಿನೂರು, ಕೆಳಗಿನ ನೀರು

ಊರಿನ ಭೂಗೋಳ ಹೇಳುವಾಗ ನದಿಯನ್ನು ಮರೆಯುವಂತಿಲ್ಲ. ನಂದಿಬೆಟ್ಟದ ಕಡೆ ಹುಟ್ಟುವ ಅರ್ಕಾವತಿ ಮಾಗಡಿ, ರಾಮನಗರ, ಕನಕಪುರಗಳ ನೆಲ ದಾಟಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಬೆಂಗಳೂರಿನ ಬಾಯಾರಿಕೆಗೆ 1894ರಲ್ಲಿ ಹೆಸರಘಟ್ಟದಲ್ಲಿ, 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಈ ನದಿಯ ನೀರು ನಿಂತಿತು. ಬಳಸಿದ ನೀರು ಮಾತ್ರ ಬೇರೆ ದಾರಿಯಲ್ಲಿ ಹಿಂತಿರುಗಿತು. ನಗರದ ಕೊಳಚೆ ಹೊತ್ತ ವೃಷಭಾವತಿ ಬಿಡದಿಯ ಬಳಿಯ ಬೈರಮಂಗಲ ಕೆರೆಯನ್ನು ಹಾದು ಕನಕಪುರದ ಕಡೆ ಅರ್ಕಾವತಿಯನ್ನು ಕೂಡಿಕೊಳ್ಳುತ್ತದೆ. ಒಳ್ಳೆಯ ನೀರು ಬೆಂಗಳೂರಿಗೆ, ಕೆಟ್ಟ ನೀರು ಕೆಳಗಿನ ಊರುಗಳಿಗೆ. ದೊಡ್ಡ ನಗರದ ಪಕ್ಕದಲ್ಲಿರುವ ಸಣ್ಣ ಊರುಗಳ ಪಾಡು ಏನೆಂಬುದನ್ನು ಈ ನದಿಯೊಂದೇ ಹೇಳುತ್ತದೆ.

ಆಡಳಿತದಲ್ಲೂ ಇದೇ ಎಳೆದಾಟ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ಆದಾಗ ಈ ತಾಲೂಕುಗಳು ಅದಕ್ಕೆ ಸೇರಿದವು. 2007ರ ಆಗಸ್ಟ್‌ನಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲೂಕುಗಳು ಸೇರಿ ರಾಮನಗರ ಜಿಲ್ಲೆಯಾಯಿತು. ಹದಿನೆಂಟು ವರ್ಷ ತುಂಬುವ ಮೊದಲೇ, 2025ರ ಮೇ ತಿಂಗಳಲ್ಲಿ, ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟ ನಿರ್ಧರಿಸಿತು. ಜಿಲ್ಲಾ ಕೇಂದ್ರ ರಾಮನಗರವೇ. ಬೆಂಗಳೂರಿನ ಹೆಸರಿದ್ದರೆ ಬಂಡವಾಳ ಬರುತ್ತದೆ, ನೆಲಕ್ಕೆ ಬೆಲೆ ಬರುತ್ತದೆ ಎಂಬುದು ಪರವಾದ ಮಾತು. ನಮ್ಮ ಊರಿನ ಗುರುತು ಅಳಿಸಿಹೋಗುತ್ತದೆ ಎಂಬುದು ವಿರೋಧದ ಮಾತು. ಎರಡರಲ್ಲೂ ಹುರುಳಿದೆ. ಆದರೆ ಇತಿಹಾಸ ಬಲ್ಲವರಿಗೆ 1800ರ ನೆನಪಾಗದೆ ಇರದು. ಪ್ರಬಲರ ಹೆಸರನ್ನು ಊರಿಗೆ ಇಟ್ಟು ಊರಿಗೆ ಒಳಿತನ್ನು ನಿರೀಕ್ಷಿಸುವುದು ಇಲ್ಲಿ ಹೊಸದಲ್ಲ.

ದಾರಿ ಸರಿದ ಮೇಲೆ

ಹೆಸರಿಗಿಂತ ದೊಡ್ಡ ಬದಲಾವಣೆ ಅಷ್ಟು ಗದ್ದಲವಿಲ್ಲದೆ ಆಗಿದೆ. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ಅದು ಬಿಡದಿಯನ್ನು, ರಾಮನಗರ-ಚನ್ನಪಟ್ಟಣಗಳನ್ನು ಹೊರಗಿನಿಂದ ಬಳಸಿ ಹೋಗುತ್ತದೆ. ಪ್ರಯಾಣದ ಹೊತ್ತು ಉಳಿಯಿತು. ಊರೊಳಗಿನ ವಾಹನ ದಟ್ಟಣೆ ತಗ್ಗಿತು. ಆದರೆ ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಬೊಂಬೆ ಅಂಗಡಿಗಳು ಬದುಕಿದ್ದು ನಿಂತು ಹೋಗುವ ಕಾರು ಬಸ್ಸುಗಳಿಂದ. ಹೆದ್ದಾರಿಯ ಮೇಲೆ ಹೋಗುವವರಿಗೆ ಈ ಊರುಗಳು ಈಗ ಒಂದು ಫಲಕ, ಅಷ್ಟೇ.

ಅಮೆರಿಕದಲ್ಲಿ ಚಿಕಾಗೊದಿಂದ ಪಶ್ಚಿಮದ ಕಡಲತೀರಕ್ಕೆ 'ರೂಟ್ 66' ಎಂಬ ರಸ್ತೆಯಿತ್ತು. 1926ರಲ್ಲಿ ಆರಂಭವಾದ ಅದರ ಉದ್ದಕ್ಕೂ ನೂರಾರು ಸಣ್ಣ ಊರುಗಳು ಹೋಟೆಲು, ಪೆಟ್ರೋಲ್ ಬಂಕುಗಳಿಂದ ಬಾಳಿದವು. ಹೊಸ ಹೆದ್ದಾರಿಗಳು ಊರ ಹೊರಗೆ ಸರಿದವು, 1985ರಲ್ಲಿ ಹಳೆಯ ರಸ್ತೆಗೆ ಹೆದ್ದಾರಿಯ ಸ್ಥಾನವೇ ಇಲ್ಲವಾಯಿತು. ದಾರಿಯೊಂದನ್ನೇ ನಂಬಿದ್ದ ಎಷ್ಟೋ ಊರುಗಳು ಬರಿದಾದವು. ತಮ್ಮದೆಂಬ ಬೇರೆ ಕಸುಬಿದ್ದವು ಉಳಿದುಕೊಂಡವು.

ರಾಮನಗರಕ್ಕೆ ಆ ಕಸುಬಿದೆ. ರೈಲು ಈಗಲೂ ಊರೊಳಗೇ ನಿಲ್ಲುತ್ತದೆ. ಗೂಡು ಹೊತ್ತ ಗಾಡಿಗಳು ಹೆದ್ದಾರಿಯಿಂದ ಇಳಿದು ಊರೊಳಗೆ ಬರಲೇಬೇಕು. ಎಚ್.ಎಲ್. ನಾಗೇಗೌಡರು 1994ರಲ್ಲಿ ಹಳೆಯ ರಸ್ತೆಯ ಬದಿಯಲ್ಲಿ ಕಟ್ಟಿದ ಜಾನಪದ ಲೋಕಕ್ಕೆ ಬೇಕೆಂದೇ ದಾರಿ ಬಿಟ್ಟು ಬರುವವರಿದ್ದಾರೆ. ಆದರೆ ಗೂಡಿನ ಬೆಲೆ ಕುಸಿದರೆ, ಹಿಪ್ಪುನೇರಳೆಯ ಹೊಲಗಳು ನಿವೇಶನಗಳಾದರೆ ಈ ಮಾತನ್ನು ಇಷ್ಟು ಧೈರ್ಯದಿಂದ ಹೇಳುವಂತಿರುವುದಿಲ್ಲ. ಜಿಲ್ಲೆಯ ಹೆಸರು ಏನಿರಬೇಕೆಂಬ ಚರ್ಚೆಯಷ್ಟೇ ಮುಖ್ಯವಾಗಿ ಊರಿನ ಕಸುಬು ಹೇಗಿರಬೇಕೆಂಬ ಚರ್ಚೆಯೂ ನಡೆಯಬೇಕಾದದ್ದು ಇದಕ್ಕಾಗಿ.

ಶಂಷೇರಾಬಾದ್, ಕ್ಲೋಸ್‌ಪೇಟೆ, ರಾಮನಗರ ಎಂದು ಮೂರು ಹೆಸರು ಕಂಡ ಊರು ಇದು. ಮೊದಲನೆಯದು ಮಾತಿನಲ್ಲಿ ಮಾತ್ರ ಇದೆ, ಎರಡನೆಯದು ಕಲ್ಲಿನಲ್ಲಿದೆ. ಮೂರನೆಯದು ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಕೂಗುವವರ ಬಾಯಲ್ಲಿ ಎಲ್ಲಿಯವರೆಗೆ ಇರುತ್ತದೆಯೋ ಅಲ್ಲಿಯವರೆಗೆ ಊರಿಗೆ ಭಯವಿಲ್ಲ.